ಕಾರಣ, ಏನಾದರೂ ಇದ್ದಲ್ಲಿ

ನನ್ನನ್ನು ಕೆಲಸದಿಂದ ತೆಗೆಯಲು ನಮ್ಮ ಕಂಪನಿಗೆ ಕಾರಣವೇ ಬೇಕಿರಲಿಲ್ಲ. ಅಮೆರಿಕದಲ್ಲಿ ಖಾಸಗಿ ಕಂಪನಿಗಳಲ್ಲಿ ದುಡಿಯುವ ಬಹುಪಾಲು ಜನರ ಸ್ಥಿತಿ ಇದೇ. ‘ಅಟ್-ವಿಲ್’ ನೌಕರಿ ಅಂತಾರೆ. ಕಂಪನಿ ಯಾವಾಗ ಬೇಕಾದರೂ ತೆಗೆಯಬಹುದು, ಕಾರಣ ಹೇಳಬೇಕಾಗಿಲ್ಲ. ನಾವೂ ಯಾವಾಗ ಬೇಕಾದರೂ ಎದ್ದು ಹೋಗಬಹುದು, ನಾವೂ ಕಾರಣ ಹೇಳಬೇಕಾಗಿಲ್ಲ. ಒಂದು ಬೆಳಗ್ಗೆ ಕಾಫಿ ಆರುವುದರೊಳಗೆ ಮುಗಿಸಬಹುದಾಗಿದ್ದ ಕೆಲಸ ಅದು. ಅದಕ್ಕೆ ಅವರು ಹತ್ತಿರ ಹತ್ತಿರ ಒಂದು ವರ್ಷ ತೆಗೆದುಕೊಂಡರು. ಆ ವರ್ಷವೆಲ್ಲ ನಡೆದದ್ದು ಕಾರಣ ತಯಾರಿಸುವ ಕೆಲಸ.

ಕೆಲಸ ಹೋದದ್ದು ಒಂದು ನೋವು. ಅದನ್ನು ಸಾವಿರಾರು ಜನ ಅನುಭವಿಸಿದ್ದಾರೆ, ಬರೆದಿದ್ದಾರೆ. ನನಗೆ ಇವತ್ತಿಗೂ ಬಗೆಹರಿಯದಿರುವುದು ಇನ್ನೊಂದು. ಕಾರಣ ಬೇಡವೇ ಬೇಡ ಎಂದು ಕಾನೂನೇ ಹೇಳಿರುವಾಗ ಅಷ್ಟು ಶ್ರದ್ಧೆಯಿಂದ ಕಾರಣಗಳನ್ನು ಏಕೆ ಕೂಡಿಹಾಕುತ್ತಾರೆ? ನೀವು ಇನ್ನು ಬೇಡ ಎಂದು ನೇರವಾಗಿ ಹೇಳಿ ಕಳಿಸುವುದರ ಬದಲು, ನೀವು ಯಾವತ್ತೂ ಅಷ್ಟೇನೂ ಚೆನ್ನಾಗಿ ಕೆಲಸ ಮಾಡಿದವರಲ್ಲ ಎಂದು ನಂಬಿಸಲು ಏಕೆ ಹೆಣಗುತ್ತಾರೆ?

ನಾನಿರುವುದು ಇಂಡಿಯಾನಾಪೊಲಿಸ್ ಹತ್ತಿರ. ಐ-65, ಐ-69, ಐ-70, ಐ-74 ಹೆದ್ದಾರಿಗಳು ಕೂಡುವ ಜಾಗ. ಹಾಗಾಗಿ ಸುತ್ತಮುತ್ತ ಗೋದಾಮುಗಳು, ಲಾರಿ ಕಂಪನಿಗಳು ಬೇಕಾದಷ್ಟು. ಅಂಥ ಒಂದು ಸರಕು ಸಾಗಣೆ ಕಂಪನಿಯಲ್ಲಿ ಎರಡು ದಶಕಕ್ಕೂ ಮೇಲೆ ದುಡಿದೆ. ಅಮೆರಿಕಕ್ಕೆ ಬಂದದ್ದು ವೈ2ಕೆ ಗಲಾಟೆಯ ಕಾಲದಲ್ಲಿ, 2000ನೇ ಇಸವಿ ಬಂದರೆ ಹಳೆಯ ಪ್ರೋಗ್ರಾಮುಗಳು ತಾರೀಕು ತಪ್ಪುತ್ತವೆ ಎಂದು ಎಲ್ಲರೂ ಹೆದರಿದ್ದಾಗ. 1998ರಲ್ಲಿ ಪರಿಣತ ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾದ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿದರಲ್ಲ, ಆ ಅಲೆಯಲ್ಲಿ ಬಂದಿಳಿದವರಲ್ಲಿ ನಾನೂ ಒಬ್ಬಳು. ಮೊದಲು ಕಾಂಟ್ರ್ಯಾಕ್ಟರ್ ಆಗಿದ್ದೆ, ಆಮೇಲೆ ಇದೇ ಕಂಪನಿಯವರು ‘ಪರ್ಮನೆಂಟ್’ ಮಾಡಿಕೊಂಡರು. ಭದ್ರಾವತಿಯಲ್ಲಿ ಬೆಳೆದವಳಿಗೆ ‘ಪರ್ಮನೆಂಟ್’ ಎಂದರೆ ಏನು ಅನ್ನಿಸುತ್ತದೆಯೋ ಅದೇ ನನಗೂ ಅನ್ನಿಸಿತ್ತು. ಇಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ.

ನನ್ನ ಕೆಲಸ ಎಎಸ್/400 ಎಂಬ ಐಬಿಎಂ ಯಂತ್ರದ ಮೇಲೆ. 1988ರಲ್ಲಿ ಮಾರುಕಟ್ಟೆಗೆ ಬಂದದ್ದು. ಇವತ್ತಿನ ಹುಡುಗರಿಗೆ ಅದರ ಹಸಿರು ಪರದೆ ನೋಡಿದರೆ ನಗು ಬರುತ್ತದೆ. ಅದರಲ್ಲಿ ಆರ್‌ಪಿಜಿ ಭಾಷೆಯ ಪ್ರೋಗ್ರಾಮುಗಳಿದ್ದವು, ಸರಕಿನ ಬಾಡಿಗೆ ಲೆಕ್ಕ ಹಾಕುವಂಥವು. ಹೊರಗಿನವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ತೂಕ ಇಂತಿಷ್ಟು, ದೂರ ಇಂತಿಷ್ಟು, ಗುಣಿಸಿದರೆ ಆಯಿತು. ಹಾಗಿಲ್ಲ. ಸರಕಿಗೆ 50ರಿಂದ 500ರವರೆಗೆ ಹದಿನೆಂಟು ದರ್ಜೆಗಳಿವೆ. ಇಟ್ಟಿಗೆಯಂಥ ಭಾರದ ಗಟ್ಟಿ ಸಾಮಾನು ಕೆಳಗಿನ ದರ್ಜೆ, ಟೇಬಲ್ ಟೆನ್ನಿಸ್ ಚೆಂಡಿನಂಥ ಗಾಳಿ ತುಂಬಿದ ಸಾಮಾನು ಮೇಲಿನ ದರ್ಜೆ. ಪ್ರತಿ ವಾರ ಸರ್ಕಾರ ಪ್ರಕಟಿಸುವ ಡೀಸೆಲ್ ದರ ನೋಡಿ ಇಂಧನದ ಮೇಲ್ತೆರಿಗೆಯಂಥ ಒಂದು ಹೆಚ್ಚುವರಿ ಶುಲ್ಕ ಸೇರಿಸಬೇಕು. ಅದರ ಮೇಲೆ ಒಬ್ಬೊಬ್ಬ ಗಿರಾಕಿಗೂ ಒಂದೊಂದು ರಿಯಾಯಿತಿ, ಒಂದೊಂದು ಹಳೆಯ ಬಾಯಿಮಾತಿನ ಒಪ್ಪಂದ. ಮಿಷಿಗನ್‌ನ ಒಬ್ಬ ಗಿರಾಕಿಗೆ ಮಾತ್ರ ಪ್ಯಾಲೆಟ್ಟಿನ, ಅಂದರೆ ಸರಕು ಪೇರಿಸುವ ಹಲಗೆಯ, ತೂಕ ಕಳೆದು ಬಿಲ್ ಮಾಡಬೇಕು. ಏಕೆ ಎಂದು ಕೇಳೋಣವೆಂದರೆ ಆ ಒಪ್ಪಂದ ಮಾಡಿಕೊಂಡವರಿಬ್ಬರೂ ಈಗ ಕೆಲಸದಲ್ಲಿಲ್ಲ. ಆ ಏಕೆಗಳಲ್ಲಿ ಅರ್ಧ ಇದ್ದದ್ದು ನನ್ನ ತಲೆಯಲ್ಲಿ, ಇನ್ನರ್ಧ ನಾನು ಕೋಡಿನ ನಡುವೆ ವಿವರಣೆಯಾಗಿ ಬರೆದಿಟ್ಟ ಕಾಮೆಂಟುಗಳಲ್ಲಿ.

ಹೊಸ ಡೈರೆಕ್ಟರ್ ಬಂದರು. ಎಲ್ಲವನ್ನೂ ಹೊಸ ವ್ಯವಸ್ಥೆಗೆ ಸಾಗಿಸುವುದು ಅವರಿಗೆ ಕೊಟ್ಟ ಕೆಲಸ. ಅದರಲ್ಲಿ ತಪ್ಪೇನಿಲ್ಲ, ಹಳೆಯ ಯಂತ್ರಕ್ಕೆ ಯಾರೂ ತಾಳಿ ಕಟ್ಟಿರುವುದಿಲ್ಲ. ಆದರೆ ಆ ವರ್ಷದ ಅಪ್ರೈಸಲ್‌ನಲ್ಲಿ, ಎಷ್ಟೋ ವರ್ಷಗಳಿಂದ ‘ನಿರೀಕ್ಷೆಗೆ ತಕ್ಕಂತೆ’ ಅಥವಾ ‘ನಿರೀಕ್ಷೆ ಮೀರಿ’ ಎಂದು ಬರುತ್ತಿದ್ದ ಕಡೆ ‘ಸುಧಾರಣೆ ಅಗತ್ಯ’ ಎಂದು ಬಂತು. ಏನು ಸುಧಾರಿಸಬೇಕು ಎಂದು ಕೇಳಿದೆ. ಕಮ್ಯುನಿಕೇಷನ್ ಅಂದರು. ಯಾವ ಸಂದರ್ಭದಲ್ಲಿ ಅಂದೆ. ಒಟ್ಟಾರೆಯಾಗಿ ಅಂದರು. ಹೆಣ್ಣು ನೋಡಲು ಬಂದವರಿಗೆ ಸಂಬಂಧ ಬೇಡವಾಗಿದ್ದರೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತು ಅನ್ನುತ್ತಾರಲ್ಲ, ಆ ದನಿ ನನಗೆ ಗುರುತು ಹತ್ತಿತು.

ಕೆಲವು ತಿಂಗಳ ಮೇಲೆ ಪಿಐಪಿ ಬಂತು. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಕೆಲಸ ಸುಧಾರಿಸಿಕೊಳ್ಳಲು 60 ದಿನ ಗಡುವು. ಬೆಂಗಳೂರಿನ ಐಟಿಯವರಿಗೂ ಈಗ ಇದು ಗೊತ್ತಿರುವ ಮೂರಕ್ಷರವೇ. ಪ್ರತಿ ವಾರ ಒಂದು ಸಭೆ. ಅದರಲ್ಲಿ ಡೈರೆಕ್ಟರ್, ಎಚ್‌ಆರ್‌ನ ಒಬ್ಬ ಹುಡುಗಿ, ನಾನು. ಆ ಹುಡುಗಿ ಒಂದು ಮಾತೂ ಆಡುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದಳು ಅಷ್ಟೆ. ಒಂದು ವಾರ ನಾನು ಮೀಟಿಂಗಿನಲ್ಲಿ ಮಾತಾಡಲಿಲ್ಲ ಎಂದು ದಾಖಲಾಯಿತು. ಮುಂದಿನ ವಾರ ಮಾತಾಡಿದೆ. ಇತರರ ಮಾತಿಗೆ ಅಡ್ಡ ಬಂದೆ ಎಂದು ದಾಖಲಾಯಿತು. ಮೂರನೇ ವಾರದ ಹೊತ್ತಿಗೆ ನಾನು ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ನನ್ನನ್ನು ಯಾರೋ ನೋಡಿ ಬರೆದುಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ನಮ್ಮನೆಯವರು, “ಬಿಟ್ಟುಬಿಡು, ನೀನೇ ರಿಸೈನ್ ಮಾಡು, ಇದ್ಯಾವ ಕರ್ಮ” ಅಂದರು. ಕಂಪನಿಯವರು ಬಯಸುತ್ತಿದ್ದದ್ದೂ ಅದೇ ಇರಬಹುದು. ನಾನೇ ಬಿಟ್ಟರೆ ನಿರುದ್ಯೋಗ ಭತ್ಯೆ ಸಿಗುವುದು ಕಷ್ಟ, ಕಂಪನಿಯೇ ತೆಗೆದಾಗ ಕೊಡುವ ಹಣದ ಪ್ಯಾಕೇಜೂ ಇಲ್ಲ. ನಾನು ಬಿಡಲಿಲ್ಲ.

ಪಿಐಪಿಯ ಗುರಿಗಳಲ್ಲಿ ಒಂದು ಮಾತ್ರ ಸ್ಪಷ್ಟವಾಗಿತ್ತು. ಬಿಲ್ಲಿಂಗ್ ಪ್ರೋಗ್ರಾಮುಗಳನ್ನೆಲ್ಲ ದಾಖಲೆ ಮಾಡಿ, ಬೆಂಗಳೂರಿನ ಒಂದು ಹೊರಗುತ್ತಿಗೆ ತಂಡಕ್ಕೆ ಕೆಟಿ ಕೊಡಬೇಕು. ನಾಲೆಡ್ಜ್ ಟ್ರಾನ್ಸ್‌ಫರ್. ಅಂದರೆ ನಾನು ಇಲ್ಲದಿದ್ದರೂ ನಡೆಯುವ ಹಾಗೆ ಮಾಡುವುದೇ ನಾನು ಉಳಿದುಕೊಳ್ಳಲು ತೋರಿಸಬೇಕಾದ ಸುಧಾರಣೆ.

ನಮ್ಮ ಬೆಳಗ್ಗೆ ಅವರ ಸಂಜೆ. ಮೊದಮೊದಲು ಇಂಗ್ಲಿಷಿನಲ್ಲೇ ನಡೆಯಿತು. ಒಂದು ದಿನ ಪರದೆ ಹಂಚಿಕೊಳ್ಳುವಾಗ ನನ್ನ ಕಂಪ್ಯೂಟರಿನ ಮೂಲೆಯಲ್ಲಿ ಕನ್ನಡ ಪತ್ರಿಕೆಯ ತಲೆಬರಹ ಕಾಣಿಸಿತು ಅಂತ ತೋರುತ್ತದೆ. ಆ ಕಡೆಯ ಹುಡುಗ ಕಾಲ್ ಮುಗಿದ ಮೇಲೆ ಉಳಿದುಕೊಂಡು, “ಮೇಡಂ, ನೀವು ನಮ್ಮ ಕಡೆಯವ್ರಾ?” ಅಂದ. ಚಿತ್ರದುರ್ಗದ ಹತ್ತಿರದ ಹಳ್ಳಿಯವನು. ಆಮೇಲೆ ನಾವು ಆರ್‌ಪಿಜಿಯನ್ನು ಕನ್ನಡದಲ್ಲೇ ಬಿಡಿಸತೊಡಗಿದೆವು. ಬುದ್ಧಿವಂತ. ಪ್ಯಾಲೆಟ್ಟಿನ ತೂಕದ ವಿಚಾರ ಹೇಳಿದಾಗ ನಕ್ಕು, “ನಮ್ಮ ಮಂಡಿಲೂ ಚೀಲದ ತೂಕ ಕಳೀತಾರೆ ಮೇಡಂ” ಅಂದ. ನನ್ನ ಹಳೆಯ ಕಾಮೆಂಟುಗಳನ್ನು ಓದಿ ಓದಿ, “ಇಷ್ಟು ಚೆನ್ನಾಗಿ ಯಾರೂ ಬರ್ದಿರಲ್ಲ ಮೇಡಂ” ಎಂದು ಒಂದು ಈಮೇಲನ್ನೂ ಹಾಕಿದ, ಡೈರೆಕ್ಟರಿಗೆ ಪ್ರತಿ ಸಮೇತ. ಆ ವಾರದ ದಾಖಲೆಯಲ್ಲಿ ಅದರ ಉಲ್ಲೇಖವಿರಲಿಲ್ಲ.

ಕೊನೆಗೊಮ್ಮೆ ಅವನು, “ಇದಾದ್ಮೇಲೆ ನೀವು ಯಾವ ಪ್ರಾಜೆಕ್ಟಿಗೆ ಹೋಗ್ತೀರ ಮೇಡಂ?” ಅಂತ ಕೇಳಿದ. ಗೊತ್ತಿಲ್ಲಪ್ಪ ಅಂದೆ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು ಎಂದು ಇಲ್ಲಿಯ ಗೆಳತಿಯೊಬ್ಬಳು ಹೇಳುತ್ತಾಳೆ. ಬರಲಿಲ್ಲ. ಅವನ ಪರಿಸ್ಥಿತಿಯೂ ನನಗೆ ಗೊತ್ತು. ಅವನು ಬಿಡಬೇಕಾದರೆ ಎರಡು ಮೂರು ತಿಂಗಳು ನೋಟಿಸ್ ಪೀರಿಯಡ್ ದುಡಿದು ರಿಲೀವಿಂಗ್ ಲೆಟರ್ ತೆಗೆದುಕೊಳ್ಳಬೇಕು. ಕಂಪನಿಗೆ ಅವನು ಬೇಡವಾದರೆ ಎಚ್‌ಆರ್ ಕೋಣೆಗೆ ಕರೆದು, ನೀನೇ ರಾಜೀನಾಮೆ ಬರೆದುಕೊಡು, ಇಲ್ಲದಿದ್ದರೆ ಟರ್ಮಿನೇಷನ್ ಅಂತ ದಾಖಲೆಯಲ್ಲಿ ಬರುತ್ತೆ, ಮುಂದೆ ಎಲ್ಲೂ ಕೆಲಸ ಸಿಗಲ್ಲ ಎಂದು ಹೆದರಿಸುವುದು ನಮ್ಮ ಐಟಿಯಲ್ಲಿ ಹೊಸದೇನಲ್ಲ. ಇಲ್ಲಿ ತೆಗೆಯುತ್ತಾರೆ, ಅಲ್ಲಿ ಬರೆಸಿಕೊಳ್ಳುತ್ತಾರೆ.

ವಕೀಲೆಯೊಬ್ಬರನ್ನು ಕಂಡೆ. ಗಂಟೆಯ ಲೆಕ್ಕದಲ್ಲಿ ಫೀಸು, ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ಬರೆದುಕೊಂಡು ಹೋಗಿದ್ದೆ. ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: ನಿಮಗೆ ಅನ್ಯಾಯವಾಗಿದೆಯೇ ಎನ್ನುವುದು ಕಾನೂನಿನ ಪ್ರಶ್ನೆಯಲ್ಲ, ಕಾನೂನು ನಿಷೇಧಿಸಿರುವ ಕಾರಣವೊಂದಕ್ಕೆ ತೆಗೆದಿದ್ದಾರೆಯೇ ಎನ್ನುವುದು ಪ್ರಶ್ನೆ. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ, ಇವು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿವೆ. ನಲವತ್ತು ದಾಟಿದವರ ವಯಸ್ಸು 1967ರ ಕಾಯ್ದೆಯಲ್ಲಿ. ಅಂಗವೈಕಲ್ಯ 1990ರದ್ದರಲ್ಲಿ. ಇವುಗಳ ಜೊತೆಗೆ ಸೇಡಿನ ವಜಾ. ಈ ಸೇಡಿನ ವಿಷಯದಲ್ಲಿ ನಮ್ಮ ಇಂಡಿಯಾನಾಗೇ ಒಂದು ಹೆಸರಿದೆ. ಡೊರೊಥಿ ಫ್ರಾಂಪ್ಟನ್ ಎಂಬಾಕೆ ಕೆಲಸದಲ್ಲಿ ತೋಳಿಗೆ ಪೆಟ್ಟು ಮಾಡಿಕೊಂಡು ಪರಿಹಾರ ಕೇಳಿದ್ದಕ್ಕೆ ಗ್ಯಾಸ್ ಕಂಪನಿ ಆಕೆಯನ್ನು ತೆಗೆದುಹಾಕಿತು; 1973ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಅಟ್-ವಿಲ್ ಇದ್ದರೂ ಹೀಗೆ ತೆಗೆಯುವಂತಿಲ್ಲ ಅಂದಿತು. ಇವನ್ನೆಲ್ಲ ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತದೆ. ಬಾಸಿಗೆ ನಿಮ್ಮ ಮುಖ ಹಿಡಿಸಲಿಲ್ಲ ಎಂದರೂ ನಡೆಯುತ್ತದೆ.

ಅಲ್ಲಿ ನನಗೆ ಪಿಐಪಿ ಎಲ್ಲಿಂದ ಹುಟ್ಟಿತು ಎಂದು ಹೊಳೆಯಿತು. ಈ ದೇಶದಲ್ಲಿ ಕೆಟ್ಟ ಕಾರಣ ಬೇಡ ಎನ್ನುವ ಕಾನೂನಿದೆ, ಒಳ್ಳೆಯ ಕಾರಣ ಬೇಕು ಎನ್ನುವ ಕಾನೂನಿಲ್ಲ. ಕಾರಣವೇ ಇಲ್ಲದೆ ಐವತ್ತು ದಾಟಿದ, ಕಂದು ಬಣ್ಣದ ಹೆಂಗಸೊಬ್ಬಳನ್ನು ಕಳಿಸಿದರೆ, ಆಕೆ ಕೋರ್ಟಿಗೆ ಹೋಗಿ ಕಾರಣ ಇಂಥದ್ದು ಎಂದು ಆರೋಪಿಸಿದರೆ, ಕಂಪನಿಯ ಬಳಿ ಹೇಳಲು ಏನೂ ಇರುವುದಿಲ್ಲ. ಆದ್ದರಿಂದ ಫೈಲು ಬೇಕು. ಆ ಫೈಲು ನನಗಾಗಿ ಬರೆದದ್ದಲ್ಲ, ನನ್ನನ್ನು ತಿದ್ದಲು ಬರೆದದ್ದಂತೂ ಅಲ್ಲವೇ ಅಲ್ಲ. ಯಾವತ್ತೋ ಬರಬಹುದಾದ ಒಬ್ಬ ನ್ಯಾಯಾಧೀಶನಿಗಾಗಿ ಬರೆದದ್ದು. ನಾನು ವಾರವಾರ ಎದೆ ಹೊಡೆದುಕೊಂಡು ಓದುತ್ತಿದ್ದದ್ದು ಇನ್ನೊಬ್ಬರ ವಿಳಾಸಕ್ಕೆ ಬರೆದ ಕಾಗದವನ್ನು. ಇದು ತಿಳಿದ ಮೇಲೆ ನಿದ್ದೆ ಸ್ವಲ್ಪ ಬಂತು.

ಆದ್ದರಿಂದ ಆ ರಕ್ಷಣೆಯ ಕಾನೂನುಗಳೇ ಬೇಡ ಎನ್ನುವ ವಾದವೂ ಇದೆ. ನಮ್ಮ ಭಾರತೀಯರ ಕೂಟಗಳಲ್ಲೇ ಗಟ್ಟಿಯಾಗಿ ಕೇಳಿಬರುತ್ತದೆ, ವಿಶೇಷವಾಗಿ ಸ್ವಂತ ಕಂಪನಿ ಇಟ್ಟವರಿಂದ. ನನಗೆ ಒಪ್ಪಿಗೆಯಿಲ್ಲ. ಅರ್ಧ ಕಟ್ಟಿದ ಕಾನೂನಿನ ತೊಂದರೆಗೆ ಅದನ್ನು ಕೆಡವುವುದೇ ಮದ್ದು ಎಂದು ಯಾರು ಹೇಳಿದರು? ಮಾಂಟಾನಾ ರಾಜ್ಯದಲ್ಲಿ 1987ರಿಂದ ಪ್ರೊಬೇಷನ್ ಮುಗಿದ ನೌಕರರನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಐವತ್ತು ರಾಜ್ಯಗಳಲ್ಲಿ ಅದೊಂದೇ. ಸ್ವಾರಸ್ಯವೇನೆಂದರೆ ಆ ಕಾನೂನಿಗೆ ಒತ್ತಾಸೆಯಾಗಿ ನಿಂತವರಲ್ಲಿ ಮಾಲೀಕರೂ ಇದ್ದರು. ಅಲ್ಲಿಯ ಜ್ಯೂರಿಗಳು ವಜಾ ಪ್ರಕರಣಗಳಲ್ಲಿ ದೊಡ್ಡ ದೊಡ್ಡ ಮೊತ್ತ ಕೊಡಿಸತೊಡಗಿದ್ದರಿಂದ, ಪರಿಹಾರಕ್ಕೊಂದು ಮಿತಿ ಬಂದರೆ ಸಾಕು ಅನ್ನಿಸಿತ್ತು ಅವರಿಗೆ. ನಾಲ್ಕು ವರ್ಷದ ಸಂಬಳದ ಮಿತಿ ಬಂತು, ಅದರ ಜೊತೆಗೆ ಕಾರಣ ಕೊಡುವ ಕಟ್ಟುಪಾಡೂ ಬಂತು.

ಈ ಅಟ್-ವಿಲ್ ಎಂಬುದು ಸಂವಿಧಾನದಲ್ಲೋ ಕಾಂಗ್ರೆಸ್ಸಿನ ಕಾಯ್ದೆಯಲ್ಲೋ ಇದೆ ಎಂದು ನಾನು ಅಂದುಕೊಂಡಿದ್ದೆ. ಎಲ್ಲೂ ಇಲ್ಲ. ಹೋರೇಸ್ ಗ್ರೇ ವುಡ್ ಎಂಬ ವಕೀಲ 1877ರಲ್ಲಿ ಯಜಮಾನ-ಸೇವಕರ ಕಾನೂನಿನ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಅದರಲ್ಲಿ, ಇಷ್ಟು ಕಾಲ ಎಂದು ಗೊತ್ತುಮಾಡದ ನೇಮಕ ಎಂದರೆ ಇಬ್ಬರ ಇಚ್ಛೆಯ ತನಕ ಮಾತ್ರ ಎಂದು ಖಚಿತವಾಗಿ ಬರೆದು ಕೆಳಗೆ ನಾಲ್ಕು ತೀರ್ಪುಗಳನ್ನು ನಮೂದಿಸಿದ. ಆ ತೀರ್ಪುಗಳು ಹಾಗೆ ಹೇಳುವುದೇ ಇಲ್ಲ ಎಂದು ಮುಂದೆ ಹಲವು ವಿದ್ವಾಂಸರು ತೋರಿಸಿದರು. ಅಷ್ಟರಲ್ಲಿ ನ್ಯೂಯಾರ್ಕಿನ ಉನ್ನತ ನ್ಯಾಯಾಲಯ 1895ರಲ್ಲಿ ಅದನ್ನು ಒಪ್ಪಿಕೊಂಡಾಗಿತ್ತು, ಉಳಿದ ರಾಜ್ಯಗಳೂ ಒಂದೊಂದಾಗಿ ಹಿಂಬಾಲಿಸಿದವು. ಅದಕ್ಕೆ ಮುಂಚೆ ಇಂಗ್ಲೆಂಡಿನ ಹಳೆಯ ನಿಯಮದಲ್ಲಿ ಕಾಲ ಗೊತ್ತುಮಾಡದ ನೇಮಕ ಎಂದರೆ ಒಂದು ವರ್ಷದ್ದು. ಸುಗ್ಗಿಯಲ್ಲಿ ದುಡಿಸಿಕೊಂಡು ಚಳಿಗಾಲದಲ್ಲಿ ಆಳನ್ನು ಹೊರಗೆ ಹಾಕಬಾರದು, ಆಳೂ ಚಳಿಗಾಲವೆಲ್ಲ ಉಂಡು ಸುಗ್ಗಿಗೆ ಕೈಕೊಡಬಾರದು. ನಮ್ಮ ಹಳ್ಳಿಗಳಲ್ಲಿ ಯುಗಾದಿಯಿಂದ ಯುಗಾದಿಗೆ ಆಳು ಗೊತ್ತುಮಾಡಿಕೊಳ್ಳುತ್ತಿದ್ದ ಲೆಕ್ಕವೂ ಅದೇ.

1884ರ ಟೆನೆಸಿಯ ತೀರ್ಪು ಇನ್ನೂ ವಿಚಿತ್ರ. ಒಳ್ಳೆಯ ಕಾರಣಕ್ಕೆ, ಕಾರಣವೇ ಇಲ್ಲದೆ, ನೀತಿಗೆಟ್ಟ ಕಾರಣಕ್ಕೂ ಮಾಲೀಕ ನೌಕರನನ್ನು ತೆಗೆಯಬಹುದು ಎನ್ನುವ, ಎಲ್ಲರೂ ಎತ್ತಿ ಹೇಳುವ ಮಾತು ಬಂದದ್ದು ಅದರಲ್ಲಿ. ಆ ಮೊಕದ್ದಮೆ ಹೂಡಿದವನು ನೌಕರನೇ ಅಲ್ಲ, ಚಾಟನೂಗಾದ ಒಬ್ಬ ಅಂಗಡಿಯವನು. ಅವನ ಅಂಗಡಿಯಲ್ಲಿ ಸಾಮಾನು ಕೊಂಡರೆ ಕೆಲಸದಿಂದ ತೆಗೆಯುತ್ತೇವೆ ಎಂದು ರೈಲ್ವೆ ಕಂಪನಿ ತನ್ನ ಕೆಲಸಗಾರರಿಗೆ ಹೇಳಿತ್ತು, ವ್ಯಾಪಾರ ಕೆಟ್ಟಿತೆಂದು ಅವನು ಕೋರ್ಟಿಗೆ ಹೋದ, ಸೋತ. ನೌಕರ ಎಲ್ಲಿ ಬೇಳೆ ಅಕ್ಕಿ ಕೊಳ್ಳಬೇಕೆಂಬ ಜಗಳದಲ್ಲಿ ಹುಟ್ಟಿದ ಮಾತು ನನ್ನ ತನಕ ಬಂದಿದೆ.

ಪಿಐಪಿಯ ಗಡುವು ಮುಗಿಯುವ ಮೊದಲೇ ‘ಮರುರಚನೆ’ ಆಯಿತು. ನಮ್ಮ ವಿಭಾಗದಲ್ಲಿ ಕೆಲವರ ಹುದ್ದೆಗಳು ರದ್ದು. ಐವತ್ತು ಜನಕ್ಕಿಂತ ಕಡಿಮೆ, ಹಾಗಾಗಿ 60 ದಿನ ಮುಂಚೆ ತಿಳಿಸಬೇಕೆನ್ನುವ 1988ರ ವಾರ್ನ್ ಕಾಯ್ದೆ ಅನ್ವಯಿಸಲಿಲ್ಲ. ಒಂದು ವಿಡಿಯೊ ಕಾಲ್, ಆಮೇಲೆ ಒಂದು ದಪ್ಪ ಲಕೋಟೆ. ಸೇವೆಯ ಪ್ರತಿ ವರ್ಷಕ್ಕೆ ಒಂದು ವಾರದ ಸಂಬಳ ಕೊಡುತ್ತೇವೆ, ಕಂಪನಿಯ ಮೇಲೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂದು ಸಹಿ ಮಾಡಿಕೊಡಿ. ಅದು ಉಡುಗೊರೆಯಲ್ಲ, ಕ್ರಯ. ಅವರು ಕೊಳ್ಳುತ್ತಿದ್ದದ್ದು ನನ್ನ ಕೋರ್ಟಿಗೆ ಹೋಗುವ ಹಕ್ಕನ್ನು.

ಲಕೋಟೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ನಲವತ್ತು ದಾಟಿದವರನ್ನು ಗುಂಪಿನಲ್ಲಿ ತೆಗೆದು ಹೀಗೆ ಸಹಿ ಕೇಳುವಾಗ, ಯೋಚಿಸಲು 45 ದಿನ, ಸಹಿ ಮಾಡಿದ ಮೇಲೂ ಮನಸ್ಸು ಬದಲಿಸಲು 7 ದಿನ ಕೊಡಬೇಕು. ಅದರ ಜೊತೆಗೆ ಆ ವಿಭಾಗದಲ್ಲಿ ಯಾರನ್ನು ತೆಗೆದರು, ಯಾರನ್ನು ಉಳಿಸಿಕೊಂಡರು ಎನ್ನುವುದನ್ನು ಹುದ್ದೆ ಮತ್ತು ವಯಸ್ಸಿನ ಸಮೇತ ತಿಳಿಸಬೇಕು. 1990ರ ಕಾಯ್ದೆ ಅದು. ಹೆಸರು ಇರುವುದಿಲ್ಲ. ಎಡಗಡೆ ಹುದ್ದೆ, ನಡುವೆ ವಯಸ್ಸು, ಬಲಗಡೆ ‘ಆಯ್ಕೆಯಾದವರು’, ‘ಆಯ್ಕೆಯಾಗದವರು’. ಆಯ್ಕೆ ಎಂದರೆ ಇಲ್ಲಿ ಹೊರಗೆ ಹೋಗಲು.

ಆ ಪಟ್ಟಿಯನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಹೆಸರಿಲ್ಲದಿದ್ದರೂ ಎಲ್ಲರೂ ಗೊತ್ತು, ಏಕೆಂದರೆ ಎಲ್ಲರ ಹುಟ್ಟುಹಬ್ಬದ ಕೇಕನ್ನೂ ನಾವು ಬ್ರೇಕ್‌ರೂಮಿನಲ್ಲಿ ಕೂತು ತಿಂದಿದ್ದೇವೆ. ಸೀನಿಯರ್ ಅನಲಿಸ್ಟ್, 61: ರಾತ್ರಿ ಎರಡಕ್ಕೆ ಸಿಸ್ಟಮ್ ಬಿದ್ದರೆ ಎದ್ದು ಬರುತ್ತಿದ್ದವರು. ಅನಲಿಸ್ಟ್, 58: ಮೊಮ್ಮಗಳ ಫೋಟೊ ತೋರಿಸದೆ ಯಾರನ್ನೂ ಬಿಡದಾಕೆ. ಆಮೇಲೆ ನಾನು. ಉಳಿದವರಲ್ಲಿ 29, 34, 31. ಅವರ ನಡುವೆ ಒಂದು 63. ವಕೀಲೆ ಪಟ್ಟಿಯ ಮೇಲೆ ಪೆನ್ನಾಡಿಸುತ್ತ ಹೋಗಿ ಆ 63ರ ಮೇಲೆ ನಿಲ್ಲಿಸಿದರು. “ಇವರನ್ನು ಏಕೆ ಉಳಿಸಿಕೊಂಡರು ಗೊತ್ತಾ?” ಅಂದರು. ಕೆಲಸ ಬಲ್ಲವರು, ಅದಕ್ಕೇ ಇರಬಹುದು ಅಂದೆ. “ಇರಬಹುದು” ಅಂದರು. 2009ರಲ್ಲಿ ಗ್ರಾಸ್ ಎಂಬವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಯಸ್ಸೂ ಒಂದು ಕಾರಣವಾಗಿತ್ತು ಎಂದು ತೋರಿಸಿದರೆ ಸಾಲದು, ವಯಸ್ಸು ಅಡ್ಡ ಬರದಿದ್ದರೆ ಕೆಲಸ ಹೋಗುತ್ತಲೇ ಇರಲಿಲ್ಲ ಎಂದು ಸಾಬೀತು ಮಾಡಬೇಕು ಅಂದಿದೆ. ಒಂದು ಕಡೆ 63, ಇನ್ನೊಂದು ಕಡೆ ನನ್ನ ಪಿಐಪಿಯ ಫೈಲು. ಸಹಿ ಮಾಡಿದೆ. ಅವಮಾನ ನುಂಗಿಕೊಂಡು ಮಾಡಿದ ಸಹಿಯಲ್ಲ ಅದು, ಲೆಕ್ಕ ಹಾಕಿ ಮಾಡಿದ್ದು. ಮಗಳ ಕಾಲೇಜಿನ ಫೀಸು ಇತ್ತು. ಆರೋಗ್ಯ ವಿಮೆಯನ್ನು ಕೋಬ್ರಾ ಕಾಯ್ದೆಯಡಿ 18 ತಿಂಗಳು ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು, ಅದರ ಮೇಲೆ ನೂರಕ್ಕೆ ಎರಡರಷ್ಟು ಖರ್ಚು ಬೇರೆ. ಇಂಡಿಯಾನಾದ ನಿರುದ್ಯೋಗ ಭತ್ಯೆ ಹೆಚ್ಚೆಂದರೆ ವಾರಕ್ಕೆ 390 ಡಾಲರ್, 26 ವಾರ.

ಊರಿಗೆ ಫೋನು ಮಾಡಿದಾಗ ಅಮ್ಮ ಮೊದಲು ಕೇಳಿದ್ದು, “ಅಂಥದ್ದೇನ್ ಮಾಡ್ದೆ ಕಣೇ?”

ಕೆಲಸ ಹೋಯಿತು ಎಂದರೆ ಅಮ್ಮನ ಲೆಕ್ಕದಲ್ಲಿ ಏನೋ ಮಾಡಿರಲೇಬೇಕು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ನಾವು ಬೆಳೆದದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಶೋಕಾಸ್ ನೋಟಿಸು, ಚಾರ್ಜ್‌ಶೀಟು, ಡೊಮೆಸ್ಟಿಕ್ ಎನ್‌ಕ್ವೈರಿ, ಲೇಬರ್ ಕೋರ್ಟು ಈ ಶಬ್ದಗಳನ್ನು ನಾವು ಊಟಕ್ಕೆ ಕೂತಾಗ ಕೇಳಿಕೊಂಡೇ ಬೆಳೆದದ್ದು. ಕುಡಿದು ಡ್ಯೂಟಿಗೆ ಬಂದವನಿಗೂ ಚಾರ್ಜ್‌ಶೀಟು ಕೊಟ್ಟು, ಅವನ ಉತ್ತರ ಪಡೆದು, ಎನ್‌ಕ್ವೈರಿಯಲ್ಲಿ ಅವನ ಕಡೆಯಿಂದ ಮಾತಾಡಲು ಯೂನಿಯನ್ನಿನವನೊಬ್ಬನನ್ನು ಕೂರಿಸಿ, ಆಮೇಲೆ ಶಿಕ್ಷೆ. ಕೆಲಸಗಾರರನ್ನು ಕಡಿತ ಮಾಡಬೇಕಾದರೆ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ 25ಎಫ್ ಕಲಮಿನ ಪ್ರಕಾರ ಒಂದು ತಿಂಗಳ ಲಿಖಿತ ನೋಟಿಸು, ಅದರಲ್ಲಿ ಕಾರಣ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಿತ್ತು. ಕೊನೆಗೆ ಸೇರಿದವನು ಮೊದಲು ಹೋಗಬೇಕಿತ್ತು. ಅಪ್ಪ 58ಕ್ಕೆ ನಿವೃತ್ತರಾದಾಗ ಶಾಲು, ಹಾರ, ಹಣ್ಣಿನ ಬುಟ್ಟಿ, ಶಾಪಿನ ಮುಂದೆ ಗ್ರೂಪ್ ಫೋಟೊ. ಅಲ್ಲಿಯೂ ಹಿಂಸೆ ಇತ್ತು, ಬೇಡದವನನ್ನು ಕೆಟ್ಟ ಶಿಫ್ಟಿಗೆ ಹಾಕಿ ಗೋಳಾಡಿಸುವುದಿತ್ತು. ಆದರೆ ಆಪಾದನೆ ಮಾಡಿದವನು ಎದುರಿಗೆ ಕೂತು ಉತ್ತರ ಕೇಳಬೇಕಿತ್ತು.

“ಇಲ್ಲಿ ಕಾರಣ ಹೇಳ್ಬೇಕಾಗಿಲ್ಲಮ್ಮ” ಅಂದೆ.

“ಅದೆಂಥ ದೇಶವೇ? ನಾವು ಮನೆಗೆಲಸದೋಳನ್ನೂ ಹಂಗೆ ಬಿಡಿಸಲ್ಲ.”

ಪಕ್ಕದಲ್ಲೇ ಇದ್ದ ಅಣ್ಣ ನಕ್ಕ. “ಬಿಡಿಸ್ತೀವಲ್ಲಮ್ಮ,” ಅಂದ. “ಶಿವಮೊಗ್ಗಕ್ಕೆ ಬಂದಾಗ ಬಿಡಿಸ್ಲಿಲ್ವಾ? ಒಂದು ಸೀರೆ ಕೊಟ್ಟು ಕಳಿಸಿದ್ವಿ.” ಅಮ್ಮ ಸುಮ್ಮನಾದರು. ನಾನೂ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮ ಮನೆಯ ಪಾತ್ರೆ ತೊಳೆದಾಕೆ ಅವಳು. ಮನೆ ಎನ್ನುವುದು ಆ ಕಾಯ್ದೆಯ ಲೆಕ್ಕದಲ್ಲಿ ಉದ್ಯಮವಾಗಿರಲಿಲ್ಲ, ಆದ್ದರಿಂದ ಅವಳಿಗೆ 25ಎಫ್ ಇರಲಿಲ್ಲ. ಅಪ್ಪನ ಕಾರ್ಖಾನೆಯಲ್ಲೇ ಗುತ್ತಿಗೆ ಕೆಲಸಗಾರರು ಬೇರೆ ಜಾತಿಯವರಂತೆ ಇದ್ದರು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರು ಆ ಗುತ್ತಿಗೆ ಕೆಲಸಗಾರರು. ಅಟ್-ವಿಲ್ ಎನ್ನುವ ಹೆಸರಿಲ್ಲದೆಯೇ ಅದು ನಮ್ಮಲ್ಲಿ ಬಹಳ ಜನರ ಬದುಕು. ಅಪ್ಪನಂಥವರು ಒಂದು ಸಣ್ಣ ದ್ವೀಪದಲ್ಲಿದ್ದರು, ನಾವು ಅದನ್ನೇ ದೇಶ ಅಂದುಕೊಂಡಿದ್ದೆವು.

ಇಲ್ಲಿ ನನ್ನ ಕಂಪನಿಯಲ್ಲೂ ಅಂಥ ದ್ವೀಪವಿತ್ತು. ಲಾರಿ ಓಡಿಸುವವರಿಗೆ ಯೂನಿಯನ್ ಇತ್ತು, ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ ಎನ್ನುವ ‘ಜಸ್ಟ್ ಕಾಸ್’ ಷರತ್ತು ಕರಾರಿನಲ್ಲಿ ಇತ್ತು, ಸೀನಿಯಾರಿಟಿ ಪಟ್ಟಿ ಗೋಡೆಯ ಮೇಲೆ ಅಂಟಿಸಿರುತ್ತಿತ್ತು. ಮೇಲಿನ ಮಹಡಿಯ ನಾವು ಕಂಪ್ಯೂಟರಿನವರು ಅದನ್ನು ನೋಡಿ, ಪಾಪ ಅವರಿಗೆ ಬೇಕು ಅದೆಲ್ಲ, ನಮಗೇಕೆ ಅನ್ನುತ್ತಿದ್ದೆವು. ಎಲ್ಲರೂ ಪ್ರತಿ ಜನವರಿಯಲ್ಲಿ ಹ್ಯಾಂಡ್‌ಬುಕ್ ಓದಿದ್ದೇವೆ ಎಂದು ಕ್ಲಿಕ್ ಮಾಡುತ್ತಿದ್ದೆವು. ಇದು ಒಪ್ಪಂದವಲ್ಲ, ನಿಮ್ಮ ನೌಕರಿ ಅಟ್-ವಿಲ್ ಎನ್ನುವ ಸಾಲು ಅದರ ಮೊದಲ ಪುಟದಲ್ಲೇ ಇರುತ್ತಿತ್ತು. ಹ್ಯಾಂಡ್‌ಬುಕ್ಕಿನಲ್ಲಿ ಕೊಟ್ಟ ಮಾತೂ ಕಂಪನಿಯನ್ನು ಕಟ್ಟಿಹಾಕಬಲ್ಲದು ಎಂದು 1980ರಲ್ಲಿ ಪಕ್ಕದ ಮಿಷಿಗನ್‌ನ ಕೋರ್ಟು ಹೇಳಿದ ಮೇಲೆ ಕಂಪನಿಗಳು ಈ ಸಾಲನ್ನು ಎಚ್ಚರದಿಂದ ಹಾಕತೊಡಗಿದವಂತೆ.

ಇಬ್ಬರಿಗೂ ಸಮಾನ ಸ್ವಾತಂತ್ರ್ಯ ಅನ್ನುತ್ತಾರಲ್ಲ, ಅದನ್ನೂ ಹೇಳಬೇಕು. ಮೊದಲ ವರ್ಷಗಳಲ್ಲಿ ನಾನು ಎಚ್-1ಬಿಯಲ್ಲಿದ್ದೆ, ಗ್ರೀನ್‌ಕಾರ್ಡಿನ ಸಾಲಿನಲ್ಲಿದ್ದೆ. ಕೆಲಸ ಬಿಟ್ಟರೆ ಹೊಸ ಕಂಪನಿಯಿಂದ ಅರ್ಜಿ ಮೊದಲಿನಿಂದ ಶುರುವಾಗಬೇಕು. ಕೆಲಸ ಹೋದ ಎಚ್-1ಬಿಯವರಿಗೆ ಈಗಿರುವ 60 ದಿನಗಳ ಕಾಲಾವಕಾಶ ಬಂದದ್ದೂ 2017ರಲ್ಲಿ, ಅದಕ್ಕೆ ಮುಂಚೆ ಅದೂ ಇರಲಿಲ್ಲ. ಗ್ರೀನ್‌ಕಾರ್ಡ್ ಬರುವ ಹೊತ್ತಿಗೆ ಮನೆ ಸಾಲ, ಮಗಳ ಶಾಲೆ, ಮತ್ತು ಬೇರೆಲ್ಲೂ ಬೆಲೆಯಿಲ್ಲದ ಒಂದು ಜ್ಞಾನ, ಅಂದರೆ ಮಿಷಿಗನ್ ಗಿರಾಕಿಯ ಪ್ಯಾಲೆಟ್ಟಿನ ವಿಷಯ. ವರ್ಷ ಕಳೆದಂತೆ ನನ್ನ ಹೊರಡುವ ಸ್ವಾತಂತ್ರ್ಯ ದುಬಾರಿಯಾಗುತ್ತ ಹೋಯಿತು, ಅವರ ಕಳಿಸುವ ಸ್ವಾತಂತ್ರ್ಯ ಅಗ್ಗವಾಗುತ್ತ ಬಂತು. ಕಾಗದದ ಮೇಲೆ ಎರಡೂ ಒಂದೇ ವಾಕ್ಯದಲ್ಲಿವೆ.

ಇನ್ನು ಎರಡು ಕಾಗದಗಳ ವಿಷಯ ಹೇಳಿ ಮುಗಿಸುತ್ತೇನೆ. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕುವಾಗ ಸರ್ಕಾರ ಕಾರಣ ಕೇಳುತ್ತದೆ. ಕಂಪನಿಯೂ ತನ್ನ ಉತ್ತರ ಕೊಡಬೇಕು. ಕಂಪನಿ ಕೊಟ್ಟ ಉತ್ತರ: ಕೆಲಸದ ಅಭಾವ. ಅಷ್ಟೆ. ಕಮ್ಯುನಿಕೇಷನ್ ಇಲ್ಲ, ಮೀಟಿಂಗಿನಲ್ಲಿ ಅಡ್ಡ ಬಂದದ್ದಿಲ್ಲ.

ಇನ್ನೊಂದು ಇಂಡಿಯಾನಾದ ಹಳೆಯ ಕಾನೂನು, ವಕೀಲೆಯೇ ಹೇಳಿದ್ದು. ಕೆಲಸಕ್ಕೆ ಸೇರುವಾಗ ಅನುಭವದ ವಿವರ ಕೇಳುವ ಕಂಪನಿ, ಕೆಲಸ ಬಿಟ್ಟವರು ಬರಹದಲ್ಲಿ ಕೇಳಿಕೊಂಡರೆ ಒಂದು ಪತ್ರ ಕೊಡಬೇಕು. ಏನು ಕೆಲಸ ಮಾಡಿದರು, ಎಷ್ಟು ಕಾಲ, ಮತ್ತು ಯಾವ ಕಾರಣಕ್ಕೆ, ಕಾರಣ ಏನಾದರೂ ಇದ್ದಲ್ಲಿ, ಅವರನ್ನು ತೆಗೆದದ್ದು ಎನ್ನುವುದನ್ನು ನಿಜವಾಗಿ ಬರೆದು ಸಹಿ ಮಾಡಬೇಕು. ಕೇಳಿ ಬರೆದೆ. ಒಂದೇ ಪ್ಯಾರಾದ ಪತ್ರ ಬಂತು. ಹುದ್ದೆ, ಸೇರಿದ ತಾರೀಕು, ಬಿಟ್ಟ ತಾರೀಕು. ಕಾರಣ: ಹುದ್ದೆ ರದ್ದಾದದ್ದು. ವರ್ಷವಿಡೀ ಬರೆದ ಫೈಲಿನ ಒಂದು ಅಕ್ಷರವೂ ಅದರಲ್ಲಿಲ್ಲ. ಯಾವ ನ್ಯಾಯಾಧೀಶನಿಗಾಗಿ ಅದನ್ನು ಬರೆದಿದ್ದರೋ ಅವನು ಇನ್ನು ಬರುವುದಿಲ್ಲ ಎಂದು ನನ್ನ ಸಹಿಯಿಂದ ಖಾತ್ರಿಯಾದ ಮೇಲೆ ಆ ಕಾರಣಗಳಿಂದ ಅವರಿಗೂ ಉಪಯೋಗವಿರಲಿಲ್ಲ.

ಎಎಸ್/400 ಇನ್ನೂ ಸತ್ತಿಲ್ಲ. ಇಲ್ಲಿಂದ ಎರಡು ಗಂಟೆ ದಾರಿಯ ಒಂದು ಊರಿನಲ್ಲಿ, ಜೋಳ ಮತ್ತು ಸೋಯಾ ಬೆಳೆಯುವ ರೈತರ ಸಹಕಾರಿ ಸಂಘಕ್ಕೆ ಆರ್‌ಪಿಜಿ ಬಲ್ಲವರು ಬೇಕಾಗಿದ್ದಾರೆ. ಹೋಗಿ ಬಂದೆ. ಯಂತ್ರದ ಕೋಣೆ ತೋರಿಸಿದರು, ಕಾಫಿ ಕೊಟ್ಟರು, ಸಂಬಳ ಹೇಳಿದರು. ಮೊದಲಿಗಿಂತ ಕಡಿಮೆ, ಪರವಾಗಿಲ್ಲ. ಆಫರ್ ಲೆಟರಿನಲ್ಲಿ ಎಂದಿನ ಆ ಸಾಲು ಇತ್ತು. ವುಡ್ ಮಹಾಶಯನ ನಿಯಮ ಕಾಲ ಗೊತ್ತುಮಾಡದ ನೇಮಕಕ್ಕೆ ಮಾತ್ರ. ಹಾಗಾಗಿ ಆ ಸಾಲು ತೆಗೆದು, ಎರಡು ವರ್ಷದ ಅವಧಿ ಎಂದು ಬರೆಯಿರಿ, ನಡುವೆ ತೆಗೆಯುವುದಾದರೆ 60 ದಿನದ ನೋಟಿಸು, ಬರಹದಲ್ಲಿ ಕಾರಣ. ನಾನು ಬಿಡುವುದಾದರೂ ಅದೇ ಷರತ್ತು ನನಗೂ ಇರಲಿ ಎಂದು ಕೇಳಿದ್ದೇನೆ. ಮ್ಯಾನೇಜರ್ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಇದನ್ನು ಇದುವರೆಗೆ ಯಾರೂ ಕೇಳಿಲ್ಲ ಅಂದರು. ಕೆಟ್ಟದಾಗಿ ಹೇಳಲಿಲ್ಲ. ಅವರ ಸಂಘದ ವಕೀಲರಿಗೆ ಕಳಿಸಿದ್ದಾರೆ. ಮುಂದಿನ ವಾರ ತಿಳಿಸುತ್ತಾರಂತೆ.